ಟ್ರಾಲಿ ಚಕ್ರ ಕಳಚಿತಾ? ಪಿನ್ನಿಗಿಂತ ಮೊದಲು ವಾಷರ್ ನೋಡಿ

"ಅಣ್ಣಾ, ಪಿನ್ ಬಿದ್ದೋಗಿದೆ, ಒಂದು ಹೊಸದು ಹಾಕಿಕೊಡಿ ಸಾಕು." ಮೂಟೆ ಸಾಗಿಸುವ ಎರಡು ಚಕ್ರದ ಟ್ರಾಲಿ ರಿಪೇರಿಗೆ ಬಂತು ಅಂದ್ರೆ ಹೆಚ್ಚಾಗಿ ಕೇಳುವ ಮಾತು ಇದೇ. ಪಿನ್ ಇರಬೇಕಾದ ತೂತಿನಲ್ಲಿ ಆಗಲೇ ಒಂದು ಮೊಳೆ ಸಿಕ್ಕಿಸಿ ಬಗ್ಗಿಸಿರುತ್ತಾರೆ. ಪಿನ್ ಹಾಕುವುದು ಎರಡು ನಿಮಿಷದ ಕೆಲಸ. ಆದರೆ ಅಷ್ಟು ಮಾಡಿ ಕಳಿಸಿದರೆ ಅದೇ ಟ್ರಾಲಿ ಅದೇ ದೂರಿನೊಂದಿಗೆ ವಾಪಸ್ ಬರುತ್ತದೆ. ಪಿನ್ ತಾನಾಗಿ ಬೀಳುವುದು ಕಡಿಮೆ. ಯಾವುದೋ ಒಂದು ಅದನ್ನು ತಿಂದು ಹಾಕಿರುತ್ತದೆ.

ಚಕ್ರದ ಹೊರಗಡೆ ಕೂರುವ ಈ ಸ್ಪ್ಲಿಟ್ ಪಿನ್ (ತೂತಿಗೆ ತೂರಿಸಿ ಎರಡು ಕಾಲು ಬಗ್ಗಿಸುವ ತಂತಿ ಪಿನ್) ಮಾಡುವುದು ಎತ್ತಿನ ಗಾಡಿಯ ಕಡಾಣಿ ಮಾಡುವ ಕೆಲಸವನ್ನೇ. ಭಾರ ಹೊರುವುದು ಚಕ್ರ ಕೂರುವ ಆಕ್ಸಲ್ ರಾಡ್, ಪಿನ್ ಅಲ್ಲ. 50 ಕೆಜಿಯ ಮೂರು ಅಕ್ಕಿ ಮೂಟೆ ಹೇರಿದರೂ ನೇರ ರಸ್ತೆಯಲ್ಲಿ ಪಿನ್ನಿಗೆ ಏನೂ ತಾಗುವುದಿಲ್ಲ. ಟ್ರಾಲಿ ತಿರುಗಿಸುವಾಗ, ಒಂದು ಚಕ್ರ ಮಾತ್ರ ಮೆಟ್ಟಿಲು ಇಳಿದಾಗ, ಇಳಿಜಾರಿನಲ್ಲಿ ಅಡ್ಡ ಎಳೆದಾಗ ಚಕ್ರ ಹೊರಗೆ ಜಾರಲು ನೋಡುತ್ತದೆ. ಆ ಅಡ್ಡ ತಳ್ಳಾಟವನ್ನು ತಡೆದರೆ ಪಿನ್ನಿನ ಕೆಲಸ ಮುಗಿಯಿತು. ಅದಕ್ಕೇ ಇಷ್ಟು ಸಣ್ಣ ತಂತಿ ಸಾಕಾಗುತ್ತದೆ.

ಹಾಗಾದರೆ ಸವೆಯುವುದು ಯಾಕೆ? ತಿರುಗುವ ಹಬ್, ಅಂದರೆ ಆಕ್ಸಲ್ ತೂರುವ ಚಕ್ರದ ನಡುಭಾಗ, ನೇರವಾಗಿ ಪಿನ್ನಿಗೆ ಉಜ್ಜುವುದರಿಂದ. ಇವೆರಡರ ನಡುವೆ ಒಂದು ವಾಷರ್ (ನಡುವೆ ತೂತಿರುವ ಚಪ್ಪಟೆ ಬಿಲ್ಲೆ) ಇರಬೇಕು. ಹಬ್ಬಿನ ಉಜ್ಜಾಟವನ್ನೆಲ್ಲ ಅದು ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ವಾಷರ್ ಸವೆದು ಬ್ಲೇಡಿನಷ್ಟು ತೆಳ್ಳಗಾದಾಗ, ಇಲ್ಲಾ ಹಿಂದಿನ ರಿಪೇರಿಯಲ್ಲಿ ಅದನ್ನು ಹಾಕದೇ ಬಿಟ್ಟಾಗ, ಹಬ್ಬಿನ ಅಂಚು ಪಿನ್ನಿನ ಕಾಲುಗಳನ್ನು ಸುತ್ತು ಸುತ್ತಿಗೂ ಕೆರೆಯುತ್ತದೆ. ಬಿದ್ದ ಪಿನ್ ಸಿಕ್ಕಿದರೆ ಎಸೆಯಬೇಡಿ, ಕೈಯಲ್ಲಿ ಹಿಡಿದು ನೋಡಿ. ಒಂದು ಪಕ್ಕ ಮಾತ್ರ ಅರದಿಂದ ಉಜ್ಜಿದ ಹಾಗೆ ಹೊಳೆಯುತ್ತಿದ್ದರೆ ತಪ್ಪು ವಾಷರಿನದ್ದು. ಎರಡೂ ಕಾಲು ಬಗ್ಗಿಸಿದ ಜಾಗದಲ್ಲೇ ಮುರಿದಿದ್ದರೆ, ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಿದ್ದಾರೆ ಅಂತ ಲೆಕ್ಕ. ಸ್ಪ್ಲಿಟ್ ಪಿನ್ ಒಂದು ಸಲ ಬಗ್ಗಿಸಲು ಮಾಡಿದ್ದು. ಮತ್ತೆ ನೆಟ್ಟಗೆ ಮಾಡಿದರೆ ಅಲ್ಲೇ ಬಿರುಕು ಬಿಡುತ್ತದೆ.

ಎಪಿಎಂಸಿ ಯಾರ್ಡುಗಳ ಟ್ರಾಲಿಗಳಲ್ಲಿ ಇನ್ನೊಂದು ಕಾಟ ಇದೆ. ಗೋಣಿಚೀಲ ಹೊಲಿಯುವ ಸೆಣಬಿನ ದಾರ, ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಪಟ್ಟಿ ನೆಲದ ತುಂಬ ಬಿದ್ದಿರುತ್ತವಲ್ಲ, ಅವು ಆಕ್ಸಲಿಗೆ ಸುತ್ತಿಕೊಳ್ಳುತ್ತವೆ. ಸುತ್ತಿ ಸುತ್ತಿ ಹಬ್ಬಿನ ಒಳಗಡೆ ಗಟ್ಟಿ ಉಂಡೆಯಾಗಿ, ಚಕ್ರವನ್ನು ಹೊರಕ್ಕೆ ಒತ್ತುತ್ತವೆ. ಆಗ ವಾಷರ್ ಇದ್ದರೂ ಪಿನ್ ಮೇಲೆ ಯಾವಾಗಲೂ ಒತ್ತಡ. ಚಕ್ರ ಬಿಚ್ಚಿದಾಗ ಈ ದಾರವನ್ನು ಚಾಕುವಿನಿಂದ ಕುಯ್ದು ಪೂರ್ತಿ ತೆಗೆಯಿರಿ. ಸುಮ್ನೆ ಗ್ರೀಸ್ ಬಳಿದು ಮುಚ್ಚಬೇಡಿ.

ಈಗ ಅಳತೆ. ಸ್ಪ್ಲಿಟ್ ಪಿನ್ನಿಗೆ ಹೇಳುವ ಅಳತೆ ತೂತಿನದ್ದು. 5 ಎಂಎಂ ಪಿನ್ ಅಂದರೆ 5 ಎಂಎಂ ತೂತಿಗೆ ಸರಿಹೋಗುವ ಪಿನ್, ತಂತಿ ಅದಕ್ಕಿಂತ ಸ್ವಲ್ಪ ಸಣ್ಣಗೇ ಇರುತ್ತದೆ. ಅಂಗಡಿಯಲ್ಲಿ ವರ್ನಿಯರ್ ಅಳತೆಗೋಲು ಹಿಡಿದು ಗಾಬರಿ ಆಗಬೇಡಿ. 20 ಎಂಎಂ ಆಕ್ಸಲಿಗೆ 5 ಎಂಎಂ ದಪ್ಪ, 40 ಎಂಎಂ ಉದ್ದದ ಪಿನ್ ಚೆನ್ನಾಗಿ ಒಪ್ಪುತ್ತದೆ. 16 ಎಂಎಂ ಆಕ್ಸಲಿಗೆ 4 ಎಂಎಂ ಸಾಕು. ತೂತಿಗಿಂತ ಸಣ್ಣ ಪಿನ್ ಹಾಕಿದರೆ ಅದು ಒಳಗೇ ಅಲುಗಾಡಿ ತೂತನ್ನೇ ಅಗಲ ಮಾಡುತ್ತದೆ. ಮೊಳೆಯ ಸಮಸ್ಯೆಯೂ ಇದೇ. ಅದಕ್ಕೆ ಎರಡು ಕಾಲಿಲ್ಲ, ತೂತಿನಲ್ಲಿ ಬಿಗಿಯಾಗಿ ಕೂರುವುದಿಲ್ಲ, ತಲೆ ಹೊರಗೆ ಚಾಚಿ ಎಳೆಯುವವರ ಕಣಕಾಲಿಗೆ ತರಚುತ್ತದೆ.

ತುಕ್ಕು ಹಿಡಿದ ಪಿನ್ ತೆಗೆಯುವಾಗ ಆತುರ ಬೇಡ. ಮಂಗಳೂರು, ಮಲ್ಪೆಯಂಥ ಕಡೆ ಉಪ್ಪು ನೀರು ಕುಡಿದ ಟ್ರಾಲಿಗಳಲ್ಲಿ ಪಿನ್, ವಾಷರ್, ಆಕ್ಸಲ್ ಎಲ್ಲ ಒಂದೇ ಮುದ್ದೆಯಾಗಿರುತ್ತವೆ. ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಕಾಲುಗಳನ್ನು ನೆಟ್ಟಗೆ ಮಾಡಿ, ತಲೆಯ ಕಡೆಯಿಂದ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಚುತ್ತಾ ಎಳೆಯಿರಿ. ಕಾಲು ಮುರಿದರೆ ಸಣ್ಣ ಪಂಚ್ ಇಟ್ಟು ಹೊಡೆದು ಹೊರಗೆ ಹಾಕಿ. ಇಂಥ ಕಡೆಗೆ ಸ್ಟೇನ್‌ಲೆಸ್ ಪಿನ್ ಹಾಕುವುದು ಒಳ್ಳೆಯದು.

ಹೊಸ ಪಿನ್ ಕೂರಿಸುವ ಮುಂಚೆ ಚಕ್ರವನ್ನು ಕೈಯಲ್ಲಿ ಒಳಕ್ಕೂ ಹೊರಕ್ಕೂ ತಳ್ಳಿ ನೋಡಿ. ಒಂದೆರಡು ಎಂಎಂ ಪ್ಲೇ, ಅಂದರೆ ಸಡಿಲ, ಇದ್ದರೆ ಸರಿ. ಜಾಸ್ತಿ ಇದ್ದರೆ ಇನ್ನೊಂದು ವಾಷರ್ ಸೇರಿಸಿ. 20 ಎಂಎಂ ಬೋಲ್ಟಿಗೆ ಬರುವ ಮಾಮೂಲಿ ವಾಷರ್ 3 ಎಂಎಂ ದಪ್ಪ ಇರುತ್ತದೆ, ಟ್ರಾಲಿಗೆ ಅದೇ ಧಾರಾಳ. ಪ್ಲೇ ಒಂಚೂರೂ ಇಲ್ಲದ ಹಾಗೆ ಬಿಗಿ ಮಾಡಿದರೆ ಚಕ್ರ ಸಲೀಸಾಗಿ ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಅಲ್ಲಾಡಿದರೆ ಮಾತೇ ಬೇರೆ. ಅದು ಹಬ್ಬಿನೊಳಗಿನ ಬುಷ್ (ಆಕ್ಸಲ್ ತೂರುವ ಕೊಳವೆ) ಅಥವಾ ಬೇರಿಂಗ್ ಸವೆದದ್ದು, ಯಾವ ಪಿನ್ನೂ ಅದನ್ನು ಸರಿ ಮಾಡುವುದಿಲ್ಲ. ಪಿನ್ನಿನ ಕಾಲುಗಳನ್ನು ಆಕ್ಸಲ್ ಮೈಗೆ ಸುತ್ತಿದ ಹಾಗೆ ಎರಡೂ ಕಡೆ ಮಡಚಿ. ತುದಿ ಚಾಚಿದರೆ ಗೋಣಿಗೂ ಪ್ಯಾಂಟಿಗೂ ಸಿಕ್ಕಿಕೊಳ್ಳುತ್ತದೆ.

ಚಕ್ರವನ್ನೇ ಹೊಸದಾಗಿ ತರುತ್ತಿದ್ದರೆ ಹಬ್ಬಿನ ಉದ್ದ ಅಳೆದು ಹೋಗಿ. ಟೈರ್ ಸೈಜ್ ಒಂದೇ ಇದ್ದರೂ ಹಬ್ ಉದ್ದ ಬೇರೆ ಇರಬಹುದು. ಉದ್ದ ಜಾಸ್ತಿಯಾದರೆ ಪಿನ್ ತೂತು ಹಬ್ಬಿನೊಳಗೆ ಮುಚ್ಚಿಹೋಗುತ್ತದೆ. ಕೆಲವು ಚಕ್ರಗಳಲ್ಲಿ ಹಬ್ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಉದ್ದದ ಕಡೆ ಒಳಗೆ, ಫ್ರೇಮಿನ ಕಡೆಗೆ ಬರಬೇಕು. ತಿರುಗಿಸಿ ಹಾಕಿದರೆ ಟೈರ್ ಫ್ರೇಮಿಗೆ ತಾಗುತ್ತದೆ.

ಎಲ್ಲ ಟ್ರಾಲಿಗಳಲ್ಲೂ ಸ್ಪ್ಲಿಟ್ ಪಿನ್ನೇ ಇರುವುದಿಲ್ಲ. ಕೆಲವದರಲ್ಲಿ ಆಕ್ಸಲಿನ ಸುತ್ತ ಸಣ್ಣ ತೋಡು ಕೊರೆದು ಸರ್ಕ್ಲಿಪ್ (ಬಾಯಿ ತೆರೆದ ಸ್ಪ್ರಿಂಗ್ ಬಳೆ) ಹಾಕಿರುತ್ತಾರೆ. ಅದಕ್ಕೆ ಸರ್ಕ್ಲಿಪ್ ಪ್ಲೇಯರ್ರೇ ಬೇಕು, ಕಣ್ಣಿಗೆ ಕನ್ನಡಕವೂ ಬೇಕು. ಜಾರಿದರೆ ನೇರ ಮುಖಕ್ಕೆ ಹಾರುತ್ತದೆ. ಹಾಕುವಾಗ ಅಂಚನ್ನು ಬೆರಳಿನಿಂದ ಸವರಿ, ಚೂಪಾದ ಮುಖ ಹೊರಗಡೆ ಬರುವ ಹಾಗೆ ಕೂರಿಸಿ. ಬೇಕಾದಷ್ಟಕ್ಕಿಂತ ಅಗಲ ಮಾಡಿದ ಕ್ಲಿಪ್ ಮತ್ತೆ ಬಿಗಿ ಹಿಡಿಯುವುದಿಲ್ಲ.

ನೀರಿನ ಕ್ಯಾನ್, ಲಗೇಜ್ ಸಾಗಿಸುವ ಹಗುರ ಟ್ರಾಲಿಗಳಲ್ಲಿ ಟೋಪಿಯಂಥ ಪುಶ್ ನಟ್ ಇರುತ್ತದೆ. ಅದಕ್ಕೆ ಥ್ರೆಡ್ ಇಲ್ಲ, ಒಳಗಿನ ಸ್ಪ್ರಿಂಗ್ ಹಲ್ಲುಗಳು ರಾಡನ್ನು ಕಚ್ಚಿ ಹಿಡಿಯುತ್ತವೆ. ತೆಗೆದ ಮೇಲೆ ಆ ಹಲ್ಲು ಸತ್ತ ಹಾಗೆ, ಮತ್ತೆ ಹಾಕಬೇಡಿ. ಇಲ್ಲಿ ಅಳತೆ ಮುಖ್ಯ. ಹೊರದೇಶದ ಟ್ರಾಲಿಗಳಲ್ಲಿ ಆಕ್ಸಲ್ ಇಂಚಿನ ಲೆಕ್ಕದಲ್ಲಿರಬಹುದು. 5/8 ಇಂಚು ಅಂದರೆ 15.88 ಎಂಎಂ. ಕಣ್ಣಿಗೆ 16ರ ಹಾಗೇ ಕಾಣುತ್ತದೆ, ಆದರೆ ಪುಶ್ ನಟ್ಟಿಗೆ ಆ ಕೂದಲೆಳೆ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹಾಕುವಾಗ ಆಕ್ಸಲಿನ ಇನ್ನೊಂದು ತುದಿಯನ್ನು ಗಟ್ಟಿ ನೆಲಕ್ಕೆ ಊರಿ ನಿಲ್ಲಿಸಿ. ಇಲ್ಲದಿದ್ದರೆ ಈ ಕಡೆ ಸುತ್ತಿಗೆ ಹೊಡೆದಾಗ ಆ ಕಡೆಯ ಟೋಪಿ ಕಳಚಿ ಬೀಳುತ್ತದೆ. ಸುತ್ತಿಗೆಯನ್ನು ನೇರ ಟೋಪಿಗೆ ಹೊಡೆಯದೆ, ಅಂಚಿಗೆ ಕೂರುವ ಬಾಕ್ಸ್ ಸ್ಪ್ಯಾನರ್ ಇಟ್ಟು ಅದರ ಮೇಲೆ ಹೊಡೆಯಿರಿ.

ಕೊನೆಗೆ ವೆಲ್ಡಿಂಗ್. ಪಿನ್ ಪದೇ ಪದೇ ಹೋಗುತ್ತದೆ ಅಂತ ಬೇಸತ್ತು ಆಕ್ಸಲ್ ತುದಿಗೆ ವಾಷರನ್ನೇ ವೆಲ್ಡ್ ಮಾಡಿಸುವವರು ತುಂಬ ಜನ. ಇದನ್ನು ನಾನು ಒಪ್ಪುವುದಿಲ್ಲ. ಮುಂದಿನ ಪಂಕ್ಚರಿಗೆ ಚಕ್ರ ಬಿಚ್ಚುವುದು ಹೇಗೆ? ವೆಲ್ಡಿಂಗ್ ಬಿಸಿಗೆ ಪಕ್ಕದ ಪ್ಲಾಸ್ಟಿಕ್ ಬುಷ್ ಕರಗುತ್ತದೆ, ಬೇರಿಂಗಿನ ಗ್ರೀಸ್ ಸುಟ್ಟುಹೋಗುತ್ತದೆ. ಈಗಾಗಲೇ ಮಾಡಿಸಿದ್ದರೆ ಗ್ರೈಂಡರಿನಲ್ಲಿ ವೆಲ್ಡ್ ಕುಯ್ದು, ತುದಿ ನಯ ಮಾಡಿ. ಚಕ್ರ, ವಾಷರ್ ಎರಡನ್ನೂ ಹಾಕಿ, ವಾಷರಿನಾಚೆ ಒಂದು ಎಂಎಂ ಬಿಟ್ಟು ತೂತಿನ ಒಳ ಅಂಚು ಎಲ್ಲಿ ಬರಬೇಕೋ ಗುರುತು ಮಾಡಿ. ಚಕ್ರ ತೆಗೆದು ಸೆಂಟರ್ ಪಂಚ್ ಹೊಡೆದು, ನಿಧಾನ ವೇಗದಲ್ಲಿ ಎಣ್ಣೆ ಬಿಡುತ್ತಾ ಡ್ರಿಲ್ ಮಾಡಿ. ತೂತಿನಾಚೆ ರಾಡಿನ ತುದಿಗೆ ಆರೇಳು ಎಂಎಂ ಕಬ್ಬಿಣವಾದರೂ ಉಳಿಯಬೇಕು. ಅಷ್ಟು ಜಾಗ ಸಿಗದಿದ್ದರೆ ಆ ಆಕ್ಸಲ್ ಬಿಟ್ಟು ಹೊಸ ರಾಡ್ ಕತ್ತರಿಸಿ ಹಾಕಿಸಿ.