ಹೊಲಿಗೆ ಯಂತ್ರ ಬಂತು, ಕೆಲಸ ಬರಲಿಲ್ಲ

ಕೋಲಾರದ ಹಳ್ಳಿಗಳಲ್ಲಿ ಸುತ್ತಾಡಿದರೆ ಅಲ್ಲಲ್ಲಿ ಒಂದು ಹೊಲಿಗೆ ಯಂತ್ರ ಕಣ್ಣಿಗೆ ಬೀಳುತ್ತದೆ. ಮೈಮೇಲೆ ದಾನ ಕೊಟ್ಟವರ ಹೆಸರಿನ ಸ್ಟಿಕ್ಕರ್, ಅದರ ಮೇಲೆ ಮಡಚಿಟ್ಟ ಬಟ್ಟೆಯ ರಾಶಿ. ಹೊಲಿಗೆ ಕಲಿತ ಹೆಂಗಸು ಬೆಳಗ್ಗೆಯೇ ಟೊಮೆಟೊ ಬಿಡಿಸೋಕೆ ಕೂಲಿಗೆ ಹೋಗಿರುತ್ತಾಳೆ.

ವಿಧವೆಯರು, ಅಂಗವಿಕಲರು, ಜೀತದಿಂದ ಬಿಡಿಸಿಕೊಂಡು ಬಂದವರು, ಇವರಿಗೊಂದು ಕೆಲಸ ಸಿಗಲಿ ಅಂತ ದಾನದ ಹಣ ಈ ಸೀಮೆಗೆ ಬರುತ್ತಿರುವುದು ಇಂದು ನಿನ್ನೆಯಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಸತ್ತರು. ಉಳಿದ ಅನಾಥ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಸಾಕಿದರು. 1890ರಲ್ಲಿ ಆ ಆಶ್ರಮ ಅಮೆರಿಕದ ಮೆಥಡಿಸ್ಟ್ ಮಿಷನ್ ಕೈಗೆ ಹೋಯಿತು. ಅಲ್ಲಿ ಊಟ, ಅಕ್ಷರದ ಜೊತೆ ಕಸುಬನ್ನೂ ಕಲಿಸಿದರು. ಜೊತೆಗೆ ಮತವೂ ಬಂತು ಅನ್ನಿ, ಆ ಮಾತು ಬೇರೆ.

ಸ್ವಾತಂತ್ರ್ಯದ ನಂತರ ಈ ಕೆಲಸದ ದೊಡ್ಡ ಪಾಲು ಸರ್ಕಾರದ ಹೆಗಲಿಗೆ ಬಿತ್ತು. 1976ರಲ್ಲಿ ಜೀತ ನಿಷೇಧದ ಕಾನೂನು ಬಂತು. 1978ರಲ್ಲಿ ಜೀತ ವಿಮುಕ್ತರಿಗೆ ಪುನರ್ವಸತಿ ನೆರವು ಶುರುವಾದಾಗ ಒಬ್ಬರಿಗೆ 4,000 ರೂಪಾಯಿ. 2016ರ ಹೊತ್ತಿಗೆ ವಯಸ್ಕ ಗಂಡಸಿಗೆ ಅದು 1 ಲಕ್ಷ ಆಯಿತು. ಕೇಳೋಕೆ ಚೆನ್ನಾಗಿದೆ. ಆದರೆ ಕೈಗೆ ಬೇಗ ಸಿಗುವುದು ಅದರಲ್ಲಿ ಸಣ್ಣ ಪಾಲು, ಉಳಿದದ್ದು ಮಾಲೀಕನ ಮೇಲಿನ ಕೇಸು ಮುಗಿದ ಮೇಲೆ. ಅಲ್ಲಿವರೆಗೆ ಹೊಟ್ಟೆಗೇನು? ಎಷ್ಟೋ ಸಲ ಇನ್ನೊಂದು ಸಾಲ, ಇನ್ನೊಬ್ಬ ಸಾಹುಕಾರ.

ನನ್ನ ಲೆಕ್ಕದಲ್ಲಿ ಈ ಸೀಮೆಯಲ್ಲಿ ದಾನದ ಹಣ ಬುದ್ಧಿವಂತಿಕೆಯಿಂದ ಖರ್ಚಾಗಿದ್ದು 1980ರ ದಶಕದಲ್ಲಿ, ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ. 1968ರಲ್ಲಿ ಹುಟ್ಟಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಅಲ್ಲಿ ಕೆಲಸ ಮಾಡುತ್ತಿತ್ತು. ಅದು ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಜನ ಸೇರಿ ಸಣ್ಣ ಗುಂಪು ಮಾಡಿಕೊಂಡರು. ಸಂಸ್ಥೆ ಅವರನ್ನು ಮತ್ತೆ ಹಳೇ ಸಂಘಕ್ಕೆ ಎಳೆಯಲಿಲ್ಲ. ಸಭೆ ನಡೆಸೋದು, ಪುಸ್ತಕ ಬರೆಯೋದು, ಸಾಲ ಯಾರಿಗೆ ಅಂತ ತೀರ್ಮಾನಿಸೋದು ಕಲಿಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇವತ್ತಿನ ಸ್ತ್ರೀಶಕ್ತಿ ಸಂಘಗಳ ಬೇರು ಅಲ್ಲಿದೆ.

ಗಮನಿಸಿ, ಆ ಹಣದಲ್ಲಿ ಫೋಟೋ ತೆಗೆಯೋಕೆ ಆಗುವಂಥದ್ದು ಏನೂ ಇರಲಿಲ್ಲ. ವಾರವಾರ ಕೂತು ಮಾತಾಡಿದ್ದಕ್ಕೆ ಆದ ಖರ್ಚು ಅದು. ಕುರಿ ಕೊಳ್ಳಬೇಕಾ, ಅಂಗಡಿ ಇಡಬೇಕಾ ಅನ್ನೋದನ್ನು ಗುಂಪೇ ಯೋಚಿಸಿತು.

ಆಮೇಲೆ ಹಣ ಜಾಸ್ತಿ ಆಯಿತು, ತಾಳ್ಮೆ ಕಮ್ಮಿ ಆಯಿತು. 2013ರ ಕಂಪನಿ ಕಾಯ್ದೆಯ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಹಿಳೆಯರಿಗೆ, ಅಂಗವಿಕಲರಿಗೆ ಕೌಶಲ ತರಬೇತಿ ಕೊಡುವುದೂ ಅದರ ಪಟ್ಟಿಯಲ್ಲಿದೆ. ಕಂಪನಿ ಇರುವ ಊರಿಗೆ ಆದ್ಯತೆ ಕೊಡಿ ಅಂತಲೂ ಇದೆ. ಕೋಲಾರದ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳ ಸುತ್ತ ಇದಕ್ಕೇ ತರಬೇತಿ ಬೋರ್ಡುಗಳು ಎದ್ದವು. ಕಂಪನಿಗೆ ಬೇಕಿದ್ದದ್ದು ಲೆಕ್ಕ: ಇಷ್ಟು ಜನ ಕಲಿತರು, ಇಷ್ಟು ಸರ್ಟಿಫಿಕೇಟು. ಆರು ತಿಂಗಳ ನಂತರ ಯಾರು ಕೆಲಸದಲ್ಲಿದ್ದಾರೆ ಅಂತ ನೋಡೋಕೂ ಹಣ ಬೇಕು. ಆ ಸಾಲಿಗೆ ಯಾರೂ ದುಡ್ಡು ಬರೆಯೋದಿಲ್ಲ.

ಇದರ ಮಧ್ಯೆ 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆಯಿತು. ಹೊರಗಿನ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ. ಆಡಳಿತದ ಖರ್ಚಿನ ಮಿತಿ ಶೇ. 50 ಇದ್ದದ್ದು ಶೇ. 20ಕ್ಕೆ ಇಳಿಯಿತು. ಲೆಕ್ಕ ಬಿಗಿ ಆಗಲಿ ಅನ್ನೋದು ಸರಿ. ಆದರೆ ಏಟು ಬಿದ್ದದ್ದು ಬೆಂಗಳೂರಿನ ದೊಡ್ಡ ಸಂಸ್ಥೆಯಿಂದ ಒಂದಿಷ್ಟು ಪಡೆದು ಬಾಗೇಪಲ್ಲಿಯಂಥ, ಪಾವಗಡದಂಥ ಕಡೆ ಮನೆಮನೆ ಸುತ್ತುತ್ತಿದ್ದ ಸಣ್ಣ ಸಂಸ್ಥೆಗಳಿಗೆ. ಆ ಸುತ್ತಾಟಕ್ಕೆ ಕೊಡುವ ಸಂಬಳ ಎಷ್ಟೋ ಸಲ ಆಡಳಿತದ ಖರ್ಚು ಅಂತಲೇ ಲೆಕ್ಕಕ್ಕೆ ಬೀಳುತ್ತಿತ್ತು.

ಅಂಗವಿಕಲರ ವಿಷಯದಲ್ಲಿ ಕಾನೂನು ಮುಂದೆ ಹೋಗಿದೆ. 1995ರ ಕಾಯ್ದೆ ಗುರುತಿಸಿದ್ದ 7 ಬಗೆಯ ಅಂಗವೈಕಲ್ಯ 2016ರ ಕಾಯ್ದೆಯಲ್ಲಿ 21 ಆಯಿತು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು. ಖಾಸಗಿ ಕಾರ್ಖಾನೆಗೆ ಮೀಸಲಾತಿಯ ಕಟ್ಟುಪಾಡಿಲ್ಲ. ಪಂಚಾಯ್ತಿಗೊಬ್ಬರಂತೆ ಇರುವ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂಗಳು, ಸ್ವತಃ ಅಂಗವಿಕಲರು. ಬೇರೆಯವರಿಗೆ ದಾರಿ ತೋರಿಸುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.

ನಡೆಯೋಕೆ ಆಸರೆಯಾಗಿ ಕಾಲಿಗೆ ಕ್ಯಾಲಿಪರ್ ಪಟ್ಟಿ ಹಾಕಿಕೊಂಡ ಹುಡುಗಿಯೊಬ್ಬಳು ನರಸಾಪುರದಲ್ಲಿ ಕೆಲಸ ಗಿಟ್ಟಿಸಿಕೊಂಡಳು ಅಂತ ಇಟ್ಟುಕೊಳ್ಳಿ. ಕಾರ್ಖಾನೆಯ ಬಸ್ಸು ಹೆದ್ದಾರಿಯಲ್ಲಿ ನಿಲ್ಲುತ್ತದೆ. ಊರು ಅಲ್ಲಿಂದ ಮೂರು ಕಿಲೋಮೀಟರ್ ಒಳಗೆ, ಶಿಫ್ಟ್ ಮುಗಿಯುವುದು ರಾತ್ರಿ. ತರಬೇತಿಯ ದಿನಗಳಲ್ಲಿ ಪ್ರಯಾಣ ಭತ್ಯೆ ಇತ್ತು. ಕೆಲಸ ಸಿಕ್ಕ ದಿನ ಅದು ನಿಂತಿತು.