‘ಅಲ್ಲಿ ಏನಾದ್ರೂ ಆದ್ರೆ?’

ದಾವಣಗೆರೆಯಲ್ಲಿ ಆಪ್ತ ಸಮಾಲೋಚನೆಗೆ ಕೂತರೆ ಬರುವ ವಿಷಯಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಮಗನ ಪಿಯುಸಿ, ಬಾರದ ನಿದ್ದೆ, ಅತ್ತೆ-ಸೊಸೆ ಮನಸ್ತಾಪ. ಈಚೆಗೆ ಒಂದು ಹೊಸದು ಸೇರಿಕೊಂಡಿದೆ. “ಮೇಡಂ, ಇಂಡೋನೇಷ್ಯಾದ ಬಾಲಿಯಲ್ಲಿ ಹೆಂಗಸರಿಗೆ ಅಂತಲೇ ಒಂದು ವಾರದ ಯೋಗ ರಿಟ್ರೀಟ್ ಇದೆಯಂತೆ. ಹೋಗೋಕೆ ಆಸೆ. ಆದ್ರೆ ಭಯ.” ಹೀಗೆ ಕೇಳುವವರು ಹೆಚ್ಚಾಗಿ ನಲವತ್ತು ದಾಟಿದವರು. ಕಾಲೇಜು ಉಪನ್ಯಾಸಕಿಯರು, ಬಟ್ಟೆ ಅಂಗಡಿ ನಡೆಸುವವರು, ಚನ್ನಗಿರಿ ಕಡೆಯ ಅಡಿಕೆ ತೋಟದವರು. ದುಡ್ಡಿಗೆ ತೊಂದರೆ ಇಲ್ಲ. ಬೆಳಿಗ್ಗೆ ಕುಂದವಾಡ ಕೆರೆ ಸುತ್ತುವಾಗ ಗೆಳತಿಯರ ಜೊತೆ ಎಲ್ಲ ಪ್ಲಾನ್ ಆಗಿರುತ್ತದೆ. ಮನೆಗೆ ಬಂದು ಕಾಫಿಗೆ ಹಾಲು ಇಡುವ ಹೊತ್ತಿಗೆ ಭಯ ಶುರು.

ಇವರಿಗೆ ನಾನು ಧೈರ್ಯ ಹೇಳುವುದಿಲ್ಲ. “ಏನೂ ಆಗಲ್ಲ, ಹೋಗಿ ಬನ್ನಿ” ಅಂದರೆ ಸಂಜೆಯವರೆಗೆ ಸಮಾಧಾನ ಇರುತ್ತದೆ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಅದೇ. ಬದಲಿಗೆ ಒಂದು ಹಾಳೆ, ಪೆನ್ನು ಕೊಡುತ್ತೇನೆ. ಅಲ್ಲಿ ಏನಾದ್ರೂ ಆದ್ರೆ ಅಂತೀರಲ್ಲ, ಏನಾಗಬಹುದು ಅಂತ ಒಂದೊಂದೇ ಬರೆಯಿರಿ ಅನ್ನುತ್ತೇನೆ.

ಉಪನ್ಯಾಸಕಿಯೊಬ್ಬರು ಬರೆದ ಹಾಳೆ ಹೀಗಿತ್ತು. ಏರ್‌ಪೋರ್ಟಿಗೆ ಯಾರೂ ಬರದಿದ್ದರೆ. ರಾತ್ರಿ ರೂಮಿನ ಬಾಗಿಲು ಯಾರಾದರೂ ಬಡಿದರೆ. ಪಾಸ್‌ಪೋರ್ಟ್ ಕಳೆದರೆ. ಅಲ್ಲಿ ಹುಷಾರು ತಪ್ಪಿದರೆ. ನಾನಿಲ್ಲದಾಗ ಅತ್ತೆಗೆ ಹುಷಾರು ತಪ್ಪಿದರೆ. ಕೊನೆಯ ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದರು: ನಾದಿನಿ ಏನಂತಾಳೋ.

ಕೊನೆಯ ಎರಡು ಸಾಲಿಗೂ ಬಾಲಿಗೂ ಏನಾದರೂ ಸಂಬಂಧ ಇದೆಯಾ? ಇಲ್ಲ. ಆದರೆ ಮನೆಯಲ್ಲಿ ಮಾತು ಬಂದಾಗ ಇವೂ “ಸೇಫ್ಟಿ” ಅನ್ನುವ ಹೆಸರಿನಲ್ಲೇ ಬರುತ್ತವೆ. “ಕಾಲ ಸರಿ ಇಲ್ಲ ಕಣೇ” ಅನ್ನುವ ಗಂಡನ ತಲೆಯಲ್ಲಿ ಎಷ್ಟೋ ಸಲ ಓಡುತ್ತಿರುವುದು ಒಂದು ವಾರ ಅಡುಗೆ ಯಾರು ಮಾಡುತ್ತಾರೆ ಅನ್ನುವ ಲೆಕ್ಕ. ತಪ್ಪು ಅನ್ನುತ್ತಿಲ್ಲ. ಅಡುಗೆಯ ಸಮಸ್ಯೆಗೆ ಅಡುಗೆಯವರನ್ನು ಹುಡುಕಬೇಕು, ಅದಕ್ಕೆ ಬಾಲಿಯ ಪೊಲೀಸರ ವಿಷಯ ಓದಿ ಪ್ರಯೋಜನವಿಲ್ಲ. ಇದನ್ನು ಬೇರೆ ಮಾಡಿ ಇಟ್ಟರೇ ಅರ್ಧ ಭಾರ ಇಳಿಯುತ್ತದೆ. ನಾದಿನಿ ಬಗ್ಗೆ ನನ್ನ ಹತ್ತಿರ ಮದ್ದಿಲ್ಲ. ಅವರು ಇಲ್ಲೇ ಇದ್ದರೂ ಅನ್ನುವವರೇ, ಅಲ್ವಾ?

ಉಳಿದ ಸಾಲುಗಳಿಗೆ ಉತ್ತರ ಸಿಗುತ್ತದೆ. ರಿಟ್ರೀಟ್ ನಡೆಸುವವರಿಗೆ ಒಂದು ಇಮೇಲ್ ಬರೆಯಿರಿ. ಕರೆದೊಯ್ಯಲು ಬರುವ ಡ್ರೈವರ್ ಹೆಸರು, ಗಾಡಿ ನಂಬರ್ ಮೊದಲೇ ಕಳಿಸುತ್ತೀರಾ? ರೂಮಿಗೆ ಒಳಗಡೆಯಿಂದ ಚಿಲಕ ಇದೆಯಾ? ಇನ್ನೊಂದು ಕೀ ಯಾರ ಹತ್ತಿರ ಇರುತ್ತದೆ? ರಾತ್ರಿ ಅಲ್ಲಿ ಯಾರು ಇರುತ್ತಾರೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಇಂಥ ಪ್ರಶ್ನೆ ದಿನಾ ಕೇಳಿಸಿಕೊಂಡವರು ಸಲೀಸಾಗಿ ಉತ್ತರ ಕೊಡುತ್ತಾರೆ. “ಚಿಂತೆ ಬಿಡಿ, ವಿಶ್ವಶಕ್ತಿ ನಿಮ್ಮನ್ನು ಕಾಯುತ್ತದೆ” ಅಂತ ಉತ್ತರ ಬಂದರೆ ಅಡ್ವಾನ್ಸ್ ಕಟ್ಟಬೇಡಿ.

ಪಾಸ್‌ಪೋರ್ಟನ್ನು ಆಯೋಜಕರ ಕೈಗೆ ಇಡಲು ಕೊಡಬೇಡಿ. ತೋರಿಸಿ, ವಾಪಸ್ ತಗೊಳ್ಳಿ. ಕಳೆದೇ ಹೋದರೂ ದಾರಿ ಇದೆ. ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಹಿಡಿದು ಭಾರತದ ಕಚೇರಿಗೆ ಹೋದರೆ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಬಾಲಿಯ ಡೆನ್‌ಪಸಾರ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ, ಜಕಾರ್ತಾದ ರಾಯಭಾರ ಕಚೇರಿಗೆ ಓಡಬೇಕಿಲ್ಲ. ರಿಟ್ರೀಟ್ ಶ್ರೀಲಂಕಾದಲ್ಲಾದರೆ ಪೊಲೀಸರಿಗೆ 119, ಆಂಬುಲೆನ್ಸಿಗೆ 1990. ಥಾಯ್ಲೆಂಡಿನಲ್ಲಿ ಪ್ರವಾಸಿಗರಿಗೆಂದೇ ಇರುವ ಪೊಲೀಸರ ನಂಬರ್ 1155. ಇವನ್ನು ಫೋನಿನಲ್ಲಿ ಮಾತ್ರ ಅಲ್ಲ, ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಫೋನೇ ಕಳೆದರೆ ಚೀಟಿ ಬೇಕಲ್ಲ.

ಭಯ ಯಾವಾಗಲೂ ಅಪಾಯದ ಅಳತೆಗೆ ತಕ್ಕಂತೆ ಇರುವುದಿಲ್ಲ. ಟಿವಿಯಲ್ಲಿ ಕಂಡದ್ದು, ಯಾರೋ ಬಣ್ಣ ಕಟ್ಟಿ ಹೇಳಿದ್ದು ಬೇಗ ನೆನಪಿಗೆ ಬರುತ್ತದೆ. ಬೇಗ ನೆನಪಿಗೆ ಬಂದದ್ದು ಪದೇ ಪದೇ ಆಗುವಂಥದ್ದು ಅಂತ ಮನಸ್ಸು ತಿಳಿದುಕೊಳ್ಳುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಆದರೂ ದಾವಣಗೆರೆಯಿಂದ ಬೆಂಗಳೂರು ಏರ್‌ಪೋರ್ಟಿಗೆ ಹೈವೇಯಲ್ಲಿ ರಾತ್ರಿ ಕಾರಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಗೊರಕೆ ಹೊಡೆಯುತ್ತೇವೆ. ಭಯ ಶುರುವಾಗುವುದು ವಿಮಾನ ಇಳಿದ ಮೇಲೆ! ಬಾಲಿಯಲ್ಲೂ ಎಚ್ಚರ ಬೇಕಾದ್ದು ಮೊದಲು ರಸ್ತೆಯಲ್ಲೇ. ಎಲ್ಲರೂ ಬಾಡಿಗೆ ಸ್ಕೂಟರ್ ಹತ್ತುತ್ತಾರೆ ಅಂತ ನೀವೂ ಹತ್ತಬೇಡಿ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಟ್ರಾವೆಲ್ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ.

ಇನ್ನೊಂದು ಮಾತು. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಎಷ್ಟೋ ದೇಶಗಳಿಂದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬರುತ್ತಾರೆ. “ಇಂಡಿಯಾಗಾ? ಒಬ್ಬಳೇನಾ?” ಅಂತ ಅವರ ಅಮ್ಮಂದಿರೂ ಕೇಳಿರುತ್ತಾರೆ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ಯಾರ ಹಾಳೆಯಲ್ಲೂ ಅದು ಬರುವುದೇ ಇಲ್ಲ. ರಿಟ್ರೀಟ್‌ಗಳಲ್ಲಿ ಉಪವಾಸ, ಬರೀ ಜ್ಯೂಸ್, ಡಿಟಾಕ್ಸ್ ಅಂತೆಲ್ಲ ಇರುತ್ತದೆ. ಹೋಗುವವರಲ್ಲಿ ಶುಗರ್, ಬಿಪಿ ಇರುವವರು ಕಮ್ಮಿಯೇನಿಲ್ಲ. ಗ್ಲಿಮೆಪಿರೈಡ್ ಇರುವ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರುತ್ತದೆ, ಕೈ ನಡುಗುತ್ತದೆ, ತಲೆ ಮಂಕಾಗುತ್ತದೆ. ಅದನ್ನು ಅಲ್ಲಿ ಯಾರಾದರೂ “ದೇಹದ ವಿಷ ಹೊರಗೆ ಹೋಗ್ತಿದೆ” ಅಂದುಬಿಟ್ಟರೆ? ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು. ಬಿಪಿ, ಹೃದಯದ ತೊಂದರೆ ಇದ್ದವರು ಬಿಸಿ ಸಾನಾದಿಂದ ಎದ್ದು ಐಸ್ ನೀರಿಗೆ ಇಳಿಯುವುದು ಬೇಡವೇ ಬೇಡ. ಹೊರಡುವ ಮುಂಚೆ ಅಲ್ಲಿನ ದಿನಚರಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಯಾವುದು ಬೇಡ ಅಂತ ಗೆರೆ ಹೊಡೆಸಿಕೊಳ್ಳಿ.

ಖಿನ್ನತೆಗೆ ಮಾತ್ರೆ ತಗೊಳ್ಳುವವರಿಗೆ ಬಿಡಿಸಿ ಹೇಳಬೇಕು. “ಇಲ್ಲಿಗೆ ಬಂದ ಮೇಲೆ ಮಾತ್ರೆ ಬೇಕಾಗಲ್ಲ” ಅನ್ನುವ ಗುರುಗಳ ಮಾತು ಕೇಳಿ ದಿಢೀರನೆ ನಿಲ್ಲಿಸಬೇಡಿ. ಆಚರಣೆ ಅಂತ ಕೊಡುವ ಗುರುತಿಲ್ಲದ ಕಷಾಯ ಕುಡಿಯಬೇಡಿ. ಅಯಾಹುವಾಸ್ಕಾದಂಥ ಭ್ರಮೆ ಹುಟ್ಟಿಸುವ ಕಷಾಯಗಳು ಈ ಮಾತ್ರೆಗಳ ಜೊತೆ ಸೇರಿದರೆ ಜೀವಕ್ಕೇ ಕುತ್ತು. ಇಂಡೋನೇಷ್ಯಾದಲ್ಲಿ ಮಾದಕ ವಸ್ತುವಿನ ಕಾನೂನೂ ಬಹಳ ಬಿಗಿ. ಆದ್ದರಿಂದ ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನು ಅದರದ್ದೇ ಸ್ಟ್ರಿಪ್‌ನಲ್ಲಿ, ಡಾಕ್ಟರ್ ಚೀಟಿ ಸಮೇತ ಒಯ್ಯಿರಿ. ದುಬೈ ಮೇಲೆ ಹೋಗುವ ಟಿಕೆಟ್ ಆದರೆ ಮಸಾಲೆ ಡಬ್ಬಿ ಒಮ್ಮೆ ನೋಡಿ. ನಮ್ಮ ಗಸಗಸೆ ಅಲ್ಲಿ ನಿಷೇಧ.

ಮುಟ್ಟುವ ವಿಷಯವೂ ಇದೆ. ಹೆಂಗಸರ ರಿಟ್ರೀಟ್ ಅಂದ ಮಾತ್ರಕ್ಕೆ ಕಲಿಸುವವರು, ಮಸಾಜ್ ಮಾಡುವವರು ಹೆಂಗಸರೇ ಅಂತ ಅಲ್ಲ. ಮೊದಲೇ ಕೇಳಿ. ಆಸನ ತಿದ್ದುವ ನೆಪದಲ್ಲಿ ಕೈ ಎಲ್ಲೆಲ್ಲೋ ಹೋದರೆ “ಮುಟ್ಟಬೇಡಿ” ಅನ್ನಿ. ಕನ್ನಡದಲ್ಲೇ ಅಂದರೂ ದನಿಯಿಂದಲೇ ಅರ್ಥವಾಗುತ್ತದೆ. ನಮ್ಮ ಕಡೆ ಗುರು ಅಂದರೆ ಎದುರಾಡಬಾರದು ಅಂತ ಕಲಿಸಿಬಿಟ್ಟಿದ್ದಾರೆ. ಆ ಪಾಠ ಊರಲ್ಲೇ ಬಿಟ್ಟು ಹೊರಡಿ.

ಇಷ್ಟೆಲ್ಲ ತಿಳಿದರೂ ಎದೆ ಡವಡವ ಅನ್ನುವುದು ನಿಲ್ಲುವುದಿಲ್ಲ. ಅದು ನಿಲ್ಲುವುದು ಮಾಡಿ ನೋಡಿದಾಗ. ಹೆದರಿ ಹಿಂದೆ ಸರಿದಾಗ ತಕ್ಷಣ ಹಾಯ್ ಅನಿಸುತ್ತದೆ, ಆ ಹಾಯೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಒಬ್ಬರೇ ರೈಲು ಹತ್ತದವರಿಗೆ ನಾನು ನೇರವಾಗಿ ಬಾಲಿ ಹೇಳುವುದಿಲ್ಲ. ಮೊದಲು ವಂದೇ ಭಾರತ್ ಹತ್ತಿ ಬೆಂಗಳೂರಿಗೆ ಹೋಗಿ, ನೆಂಟರ ಮನೆಗಲ್ಲ, ಹೋಟೆಲಿನಲ್ಲಿ ಒಂದು ರಾತ್ರಿ ಇದ್ದು ಬನ್ನಿ. ಆಮೇಲೆ ಗೋಕರ್ಣದಲ್ಲೋ ಕೊಡಗಿನಲ್ಲೋ ಮೂರು ದಿನದ ಶಿಬಿರ. ಆಮೇಲೆ ಶ್ರೀಲಂಕಾ, ಗಡಿಯಾರ ಕೂಡ ತಿರುಗಿಸಬೇಕಿಲ್ಲ. ಮೊದಲ ರಾತ್ರಿ ನಿದ್ದೆ ಬರುವುದಿಲ್ಲ, ಬರದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಎದ್ದು ಒಬ್ಬರೇ ತಿಂಡಿಗೆ ಕೂತಾಗ ಭಯ ತಾನಾಗಿ ಇಳಿದಿರುತ್ತದೆ. ಈಚೆಗಷ್ಟೇ ಮನೆಯಲ್ಲಿ ಸಾವಾಗಿದ್ದರೆ, ಪ್ಯಾನಿಕ್ ಪದೇ ಪದೇ ಬರುತ್ತಿದ್ದರೆ ಮಾತ್ರ ಮೌನದ ಶಿಬಿರ ಈಗ ಬೇಡ. ಮೊದಲು ಚಿಕಿತ್ಸೆ.

ಇನ್ನು ಮನೆಯವರ ಭಯ. ಗಂಟೆಗೊಮ್ಮೆ ಫೋನ್ ಮಾಡಿದರೆ ಅವರ ಆತಂಕವೂ ಇಳಿಯುವುದಿಲ್ಲ, ನಿಮ್ಮ ರಿಟ್ರೀಟೂ ಆಗುವುದಿಲ್ಲ. ಹೊರಡುವ ಮುಂಚೆಯೇ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಇಲ್ಲಿನ ಸಂಜೆ ಆರು ಅಲ್ಲಿ ರಾತ್ರಿ ಎಂಟೂವರೆ. ಫೋನ್ ಒಳಗಿಡುವ ಶಿಬಿರವಾದರೆ ಆ ಒಂದು ಕರೆಗೆ ಅವಕಾಶ ಇದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಆರಕ್ಕೆ ಕರೆ ಬರದಿದ್ದರೆ ಮನೆಯವರು ಏಳರವರೆಗೆ ಸುಮ್ನೆ ಕಾಯಬೇಕು. ಏಳಕ್ಕೆ ರಿಟ್ರೀಟಿನ ಆಫೀಸಿಗೆ, ಅಲ್ಲಿ ಯಾರೂ ಎತ್ತದಿದ್ದರೆ ಕಾನ್ಸುಲೇಟಿನ ತುರ್ತು ನಂಬರಿಗೆ. ಈ ಮೂರು ಸಾಲನ್ನು ಚೀಟಿ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಅತ್ತೆಗೂ ಓದಿ ಹೇಳಿ.