ಹೊಟ್ಟೆ ತೊಳೆಯುವ ಹಳೇ ಚಟ

"ಡಾಕ್ಟ್ರೇ, ಒಂದ್ಸಲ ಹೊಟ್ಟೆ ಪೂರ್ತಿ ಕ್ಲೀನ್ ಆಗೋ ಹಾಗೆ ಏನಾದ್ರೂ ಬರ್ಕೊಡಿ." ಹೊಟ್ಟೆ-ಕರುಳಿನ ವೈದ್ಯನಾದ ನನ್ನ ಓಪಿಡಿಯಲ್ಲಿ ಇದು ದಿನನಿತ್ಯದ ಮಾತು. ಗ್ಯಾಸ್, ಹುಳಿತೇಗು, ತಲೆನೋವು, ಮುಖದ ಮೇಲೆ ಮೊಡವೆ, ಯಾವ ದೂರಿಗೂ ಪರಿಹಾರ ಇದೊಂದೇ ಅಂತ ಜನ ನಂಬಿದ್ದಾರೆ. ಹಿಂದೆ ಮನೆಯಲ್ಲಿ ಅಜ್ಜಿ ಮಕ್ಕಳನ್ನು ಹಿಡಿದು ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದರು. ಈಗ ಆ ಜಾಗಕ್ಕೆ 'ಡಿಟಾಕ್ಸ್' ಪುಡಿ ಬಂದಿದೆ. ಬೆಲೆ ಮಾತ್ರ ಜಾಸ್ತಿ.

ಇದಕ್ಕೆ ನಾನು ರೋಗಿಗಳನ್ನು ಬೈಯುವುದಿಲ್ಲ. ಈ ನಂಬಿಕೆಯನ್ನು ನೂರಾರು ವರ್ಷ ಬೆಳೆಸಿದವರು ವೈದ್ಯರೇ.

ಯೂರೋಪಿನ ಕಥೆಯನ್ನೇ ನೋಡಿ. ಗ್ರೀಕ್ ಕಾಲದಿಂದ ಬಂದ ತತ್ವ ಒಂದಿತ್ತು. ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸಗಳಿವೆ, ಅವು ಏರುಪೇರಾದರೆ ಕಾಯಿಲೆ. ಕೆಟ್ಟ ರಸವನ್ನು ಹೊರಗೆ ಹಾಕಿದರೆ ಗುಣ. ಹಾಕಲು ದಾರಿಗಳು ಬೇಕಲ್ಲ? ವಾಂತಿ ಮಾಡಿಸು, ಭೇದಿ ಮಾಡಿಸು, ಎನಿಮಾ ಕೊಡು, ರಕ್ತ ತೆಗೆ. ಹೊಟ್ಟೆನೋವಿಗೂ ಇದೇ, ಜ್ವರಕ್ಕೂ ಇದೇ.

ಫ್ರಾನ್ಸಿನ ದೊರೆ 14ನೇ ಲೂಯಿಗೆ ಇದರ ರುಚಿ ಚೆನ್ನಾಗಿ ಗೊತ್ತಿತ್ತು. ಅವನ ಆಸ್ಥಾನ ವೈದ್ಯರು ದೊರೆಯ ಆರೋಗ್ಯದ ದಿನಚರಿಯನ್ನೇ ಬರೆದಿಟ್ಟಿದ್ದಾರೆ. ಯಾವಾಗ ಭೇದಿ ಔಷಧ ಕೊಟ್ಟರು, ಏನು ಹೊರಗೆ ಬಂತು, ಎಲ್ಲವೂ ಅದರಲ್ಲಿದೆ. 1658ರಲ್ಲಿ ಕ್ಯಾಲೆ ಎಂಬಲ್ಲಿ ಅವನಿಗೆ ಭಾರಿ ಜ್ವರ ಬಂತು. ಆಂಟಿಮನಿ ಎಂಬ ಲೋಹ ಬೆರೆತ ವೈನ್ ಕುಡಿಸಿದರು. ಆಂಟಿಮನಿ ವಿಷ, ಕುಡಿದರೆ ವಾಂತಿ-ಭೇದಿ ಖಂಡಿತ. ಪ್ಯಾರಿಸ್‌ನ ವೈದ್ಯಕೀಯ ವಿದ್ಯಾಲಯ 1566ರಲ್ಲೇ ಅದನ್ನು ನಿಷೇಧಿಸಿತ್ತು. ಆದರೆ ದೊರೆ ಬದುಕಿಕೊಂಡ. ಹೆಸರು ಬಂದದ್ದು ಆಂಟಿಮನಿಗೆ. 1666ರಲ್ಲಿ ನಿಷೇಧವೇ ರದ್ದಾಯಿತು. ಒಬ್ಬ ದೊಡ್ಡ ಮನುಷ್ಯ ಬದುಕಿದ ಅನ್ನುವುದೇ ಸಾಕ್ಷಿ! ಇಂಥ ಸಾಕ್ಷಿಯನ್ನು ನಾವು ಇವತ್ತೂ ವಾಟ್ಸಾಪ್‌ನಲ್ಲಿ ದಿನಾ ಓದುತ್ತೇವೆ, ಅಲ್ವಾ?

ಅದೇ ಲೋಹದ ಗುಂಡೊಂದು ಆ ಕಾಲದಲ್ಲಿ ಬಳಕೆಯಲ್ಲಿತ್ತು. ನುಂಗಿದರೆ ಕರುಳನ್ನು ಕೆರಳಿಸಿ ಭೇದಿ ಮಾಡಿಸಿ ತಾನೂ ಹೊರಗೆ ಬರುತ್ತಿತ್ತು. ಅದನ್ನು ಹುಡುಕಿ, ತೊಳೆದು, ಮುಂದಿನ ಸಲಕ್ಕೆ ಎತ್ತಿಡುತ್ತಿದ್ದರು. ಅಪ್ಪನ ಗುಂಡು ಮಗನಿಗೆ ಬರುವುದೂ ಇತ್ತು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ಮುಖ ಸಿಂಡರಿಸುತ್ತಾರೆ. ಹೊಟ್ಟೆಯೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಕೊಳವೆಯನ್ನೂ ತೊಳೆದು ಮತ್ತೆ ಬಳಸುತ್ತೇವೆ ಅಂತ ನೆನಪಿಸಿದರೆ ಸುಮ್ಮನಾಗುತ್ತಾರೆ.

ಅಮೆರಿಕದ ಬೆಂಜಮಿನ್ ರಶ್ ಇನ್ನೂ ಒಂದು ಕೈ ಮೇಲು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವೈದ್ಯ ಈತ. ಪಾದರಸದ ಒಂದು ಲವಣ ಕ್ಯಾಲಮೆಲ್, ಜೊತೆಗೆ ಮೆಕ್ಸಿಕೋದ ಜಾಲಪ್ ಬೇರು. ಎರಡನ್ನೂ ಸೇರಿಸಿ ಮಾಡಿದ ಅವನ ಭೇದಿ ಗುಳಿಗೆಗೆ ಜನ ಇಟ್ಟ ಹೆಸರು 'ಸಿಡಿಲು'. ಲೂಯಿಸ್ ಮತ್ತು ಕ್ಲಾರ್ಕ್ ಎಂಬಿಬ್ಬರು ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟ ಯಾತ್ರೆಯ ಔಷಧಿ ಪೆಟ್ಟಿಗೆಯಲ್ಲಿ ಈ ಗುಳಿಗೆಗಳು 50 ಡಜನ್ ಇದ್ದವು. ಅವರ ತಂಡ 1805 ಮತ್ತು 1806ರಲ್ಲಿ ತಂಗಿದ್ದ ಮೊಂಟಾನಾದ ಒಂದು ಜಾಗದಲ್ಲಿ, ಕಕ್ಕಸು ಗುಂಡಿಯ ಮಣ್ಣಿನಲ್ಲಿ, ಸುಮಾರು 200 ವರ್ಷಗಳ ನಂತರವೂ ಪಾದರಸದ ಗುರುತು ಸಿಕ್ಕಿತು.

ಆ ವೈದ್ಯರು ದಡ್ಡರಾಗಿರಲಿಲ್ಲ. ಹಾಗಾದರೆ ಯಾಕೆ ಬಿಡಲಿಲ್ಲ? ನನಗೆ ಕಾಣುವ ಕಾರಣ ಸರಳ. ಭೇದಿ ಔಷಧ ಕೊಟ್ಟರೆ ಕೆಲವೇ ಗಂಟೆಯಲ್ಲಿ ಫಲ ಕಣ್ಣಿಗೆ ಕಾಣುತ್ತದೆ. ರೋಗಿಗೆ ಹೊಟ್ಟೆ ಹಗುರವಾದಂತೆ ಅನ್ನಿಸುತ್ತದೆ. ಮಲಬದ್ಧತೆ ಇದ್ದವರಿಗಂತೂ ನಿಜವಾಗಿಯೂ ಸುಖ. ಇನ್ನು ಸಾಮಾನ್ಯ ಹೊಟ್ಟೆ ತೊಂದರೆಗಳಲ್ಲಿ ಬಹುಪಾಲು ಒಂದೆರಡು ದಿನದಲ್ಲಿ ತಾವಾಗಿಯೇ ಹೋಗುತ್ತವೆ. ಹೋದಾಗ ಕೀರ್ತಿ ಔಷಧಿಗೆ. ಚೀನಾದ ಅಧಿಕಾರಿ ಲಿನ್ ಝೆಷು 1839ರಲ್ಲಿ ವಿಕ್ಟೋರಿಯಾ ರಾಣಿಗೆ ಬರೆದ ಪತ್ರದಲ್ಲಿ, ನಮ್ಮ ಚಹಾ ಮತ್ತು ರೇವಲ್ಚಿನ್ನಿ ಬೇರು ಸಿಗದಿದ್ದರೆ ನಿಮ್ಮವರು ಒಂದು ದಿನವೂ ಬದುಕಲಾರರು ಎಂಬರ್ಥದ ಮಾತು ಬರೆದಿದ್ದ. ರೇವಲ್ಚಿನ್ನಿ ಅಂದರೆ ಭೇದಿ ಬೇರು. ಬ್ರಿಟಿಷರ ಮಲಬದ್ಧತೆ ಅಷ್ಟು ಜಗತ್ಪ್ರಸಿದ್ಧವಾಗಿತ್ತು!

ನಗು ನಿಲ್ಲುವುದು ಕಾಲರಾ ಬಂದಾಗ. 1831ರ ಅಕ್ಟೋಬರಿನಲ್ಲಿ ಅದು ಇಂಗ್ಲೆಂಡಿನ ಸಂಡರ್ಲೆಂಡ್ ಬಂದರಿಗೆ ಮುಟ್ಟಿತು. ರೋಗಿಯ ಮೈಯಿಂದ ನೀರು ಲೀಟರುಗಟ್ಟಲೆ ಹೋಗುತ್ತಿದೆ, ಕಣ್ಣು ಗುಳಿ ಬಿದ್ದಿದೆ, ಚರ್ಮ ನೀಲಿಗಟ್ಟಿದೆ. ಅವನಿಗೆ ವೈದ್ಯರು ಕೊಟ್ಟದ್ದು ಕ್ಯಾಲಮೆಲ್. ರಕ್ತವನ್ನೂ ತೆಗೆದರು. ನಾಳ ಕೊಯ್ದರೂ ರಕ್ತ ಸರಿಯಾಗಿ ಹರಿಯದಷ್ಟು ಗಟ್ಟಿಯಾಗಿದೆ ಅಂತ ಅವರೇ ಬರೆದಿದ್ದಾರೆ. ಗಟ್ಟಿ ಯಾಕಾಯಿತು ಅಂತ ಹೆಚ್ಚಿನವರು ಕೇಳಲಿಲ್ಲ. 1850ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಜಾನ್ಸನ್ ಕಾಲರಾ ರೋಗಿಗಳಿಗೆ ಹರಳೆಣ್ಣೆ ಕೊಡಬೇಕು ಅಂತ ವಾದಿಸಿದ. ವಿಷ ಹೊರಗೆ ಹೋಗುತ್ತಿದೆ, ನಾವು ಅದಕ್ಕೆ ಸಹಾಯ ಮಾಡೋಣ ಅನ್ನುವುದು ಅವನ ಲೆಕ್ಕ. ನಮ್ಮ ವೃತ್ತಿಯ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಪುಟ ಇದು.

ಯಾಕೆಂದರೆ ಸರಿಯಾದ ಉತ್ತರ ಆಗಲೇ ಸಿಕ್ಕಿತ್ತು. ಓಶಾನೆಸಿ ಎಂಬ 22 ವರ್ಷದ ಹುಡುಗ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಉಪ್ಪು ಕಡಿಮೆಯಾಗಿದೆ ಅಂತ ಹೇಳಿದ್ದ. ಮುಂದೆ ಕಲ್ಕತ್ತೆಗೆ ಬಂದು ಭಾರತಕ್ಕೆ ಟೆಲಿಗ್ರಾಫ್ ತಂದವನೂ ಇವನೇ. ಅವನ ಮಾತು ಓದಿದ ಥಾಮಸ್ ಲ್ಯಾಟಾ, 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ, ಸಾಯುವ ಹಂತದಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಹಾಕಿದ. ಅರ್ಧ ಗಂಟೆಯಲ್ಲಿ 3 ಲೀಟರಿಗೂ ಜಾಸ್ತಿ. ನಾಡಿ ಮರಳಿತು, ಮುಖಕ್ಕೆ ಕಳೆ ಬಂತು. ಗುಣವಾಯಿತು ಅಂದುಕೊಂಡು ಲ್ಯಾಟಾ ಹೊರಟುಬಿಟ್ಟ. ಭೇದಿ ಮತ್ತೆ ಶುರುವಾಯಿತು, ನೀರು ಮತ್ತೆ ಹಾಕಲಿಲ್ಲ. ಕೆಲವೇ ಗಂಟೆಯಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಲ್ಯಾಟಾನೂ ತೀರಿಕೊಂಡ. ಪದ್ಧತಿ ದಶಕಗಟ್ಟಲೆ ಮೂಲೆ ಸೇರಿತು.

ನಮ್ಮ ಆಯುರ್ವೇದದಲ್ಲೂ ವಮನ, ವಿರೇಚನ, ಬಸ್ತಿ, ಅಂದರೆ ವಾಂತಿ, ಭೇದಿ, ಎನಿಮಾ ಇವೆ. ಹೊರಗೆ ಹಾಕುವ ತತ್ವ ಅಲ್ಲೂ ದೊಡ್ಡದೇ. ಆದರೆ ಚರಕ ಸಂಹಿತೆ ಓದುವಾಗ ನನಗೆ ಇಷ್ಟವಾಗುವುದು ಹೊರಗೆ ಹಾಕಿದ ಮೇಲಿನ ಭಾಗ. ಮೊದಲು ಗಂಜಿ ತಿಳಿ, ಆಮೇಲೆ ತೆಳು ಗಂಜಿ, ನಂತರ ದಪ್ಪ ಗಂಜಿ, ಬೇಳೆ ಕಟ್ಟು, ಹೀಗೆ ಹಂತ ಹಂತವಾಗಿ ಊಟಕ್ಕೆ ತರುವ ಕ್ರಮ ಅಲ್ಲಿದೆ. ಗ್ರಹಣಿ ಎಂಬ ದೀರ್ಘಕಾಲದ ಕರುಳಿನ ಕಾಯಿಲೆಗೆ ಮಜ್ಜಿಗೆಯನ್ನು ಬಹಳ ಹೊಗಳಿದೆ. ಹಾಲು ಒಗ್ಗದ ನನ್ನ ಎಷ್ಟೋ ರೋಗಿಗಳಿಗೆ ಮಜ್ಜಿಗೆ ಒಗ್ಗುತ್ತದೆ. ಹೆಪ್ಪಾಗುವಾಗ ಹಾಲಿನ ಸಕ್ಕರೆ ಒಂದಿಷ್ಟು ಕಡಿಮೆಯಾಗಿರುತ್ತದೆ. ಹಾಗಂತ ಎಲ್ಲವನ್ನೂ ಹಿಂದಿನವರೇ ಕಂಡುಹಿಡಿದಿದ್ದರು ಅನ್ನುವವರ ಜೊತೆ ನಾನಿಲ್ಲ. ತಿಳಿಗಂಜಿಗೆ ಉಪ್ಪು ಹಾಕಿ ಕುಡಿದರೆ ಯಾಕೆ ಚೇತರಿಕೆ ಅನ್ನುವುದು ಸ್ಪಷ್ಟವಾದದ್ದು 1960ರ ದಶಕದಲ್ಲಿ. ಕರುಳಿನ ಗೋಡೆಯಲ್ಲಿ ಜೋಡಿಯಾಗಿ ಬಂದವರನ್ನು ಮಾತ್ರ ಬಿಡುವ ಬಾಗಿಲೊಂದಿದೆ. ಉಪ್ಪಿನ ಸೋಡಿಯಂ ಮತ್ತು ಗಂಜಿಯಿಂದ ಬರುವ ಗ್ಲೂಕೋಸ್ ಒಟ್ಟಿಗೆ ಒಳಗೆ ಹೋಗುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಕೆಡಿಸುವುದಿಲ್ಲ.

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಲನಬೀಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಹಾಕಿಸಿ, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು.

ಭೇದಿ ಔಷಧವನ್ನು ನಾನೂ ಕೊಡುತ್ತೇನೆ. ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಪರೀಕ್ಷೆಯ ಹಿಂದಿನ ದಿನ ಕುಡಿಸುವ ದ್ರಾವಣ ಅದೇ ತಾನೆ? ಆದರೆ ಅದರಲ್ಲಿ ಮೈಯ ನೀರು-ಉಪ್ಪು ಏರುಪೇರಾಗದಂತೆ ಲವಣಗಳನ್ನು ಅಳೆದು ಸೇರಿಸಿರುತ್ತಾರೆ. ಹಳೆಯ ಭೇದಿ ಮೂಲಿಕೆ ಸೋನಾಮುಖಿ ಈಗಲೂ ಮಾತ್ರೆಯ ರೂಪದಲ್ಲಿದೆ, ಮಲಬದ್ಧತೆಗೆ ಒಳ್ಳೆಯದು. ಹೊಟ್ಟೆನೋವಿಗೆ ಕಾರಣ ಗೊತ್ತಿಲ್ಲದಾಗ ಮಾತ್ರ ಯಾವ ಜುಲಾಬೂ ಬೇಡ. ನೋವು ಅಪೆಂಡಿಕ್ಸ್‌ನದ್ದೋ ಕರುಳು ಕಟ್ಟಿಕೊಂಡದ್ದೋ ಆಗಿದ್ದರೆ ಪ್ರಾಣಕ್ಕೇ ಅಪಾಯ.

ಭೇದಿ ಶುರುವಾದರೆ, ಮಹಲನಬೀಸ್ ಕೊಟ್ಟಂಥ ಉಪ್ಪು-ಗ್ಲೂಕೋಸ್ ಪುಡಿಯಾದ ಓಆರ್‌ಎಸ್. 20.5 ಗ್ರಾಂನ ಇಡೀ ಪೊಟ್ಟಣಕ್ಕೆ ಇಡೀ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅರ್ಧ ಪೊಟ್ಟಣ, ಒಂದು ಲೋಟ ಅಂತ ಅಂದಾಜಿನಲ್ಲಿ ಕಲಸಬೇಡಿ. ರುಚಿಗೆ ಸಕ್ಕರೆ ಸೇರಿಸಬೇಡಿ, ಸಿಹಿ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. ಅಂಗಡಿಯ ಸಿಹಿ ಟೆಟ್ರಾಪ್ಯಾಕ್ ಪಾನೀಯ ಇದಕ್ಕೆ ಬದಲಿಯಾಗದು. ವಾಂತಿ ಇದ್ದರೆ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಿ. ಮಗು ಮಂಕಾದರೆ, ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಲೋಟ ಹಿಡಿದು ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೊರಡಿ.